ಮಟ್ಟಿಗೆ ಸುರಿದ ಹಾಲಿನ ಪುಡಿ

ನನ್ನ ಎಡಗಿವಿ ಕೇಳುವುದಿಲ್ಲ. ಮದುವೆ ಮನೆಗಳಲ್ಲಿ ಯಾರಾದರೂ ಆ ಕಡೆ ಕೂತು ಮಾತಾಡಿದರೆ ಸುಮ್ಮನೆ ತಲೆಯಾಡಿಸುತ್ತೇನೆ. ಆಮೇಲೆ ಒಪ್ಪಬಾರದ್ದಕ್ಕೆ ಒಪ್ಪಿಕೊಂಡಿದ್ದೇನೆಂದು ಗೊತ್ತಾಗಿ ಮನೆಯವರಿಂದ ಬೈಸಿಕೊಳ್ಳುತ್ತೇನೆ. ಕಿವಿಯ ತಮಟೆ ಹರಿದಿದೆ ಎಂದು ಡಾಕ್ಟರು ಹೇಳಿದ್ದರು. ಹರಿದವನು ನನ್ನ ಅಣ್ಣ, ಒಂದೇ ಏಟಿಗೆ, ಗರಡಿಮನೆಯ ಬಾಗಿಲಲ್ಲಿ, ಹತ್ತು ಜನ ಪೈಲ್ವಾನರು ನೋಡುತ್ತಿರುವಾಗ. ಆ ಏಟು ನನಗೆ ಸಲ್ಲಬೇಕಾದದ್ದೇ. ಒಂದೇ ಏಟಿಗೆ ನಿಲ್ಲಿಸಿದನಲ್ಲ ಎಂಬುದೇ ನನ್ನ ಬೇಜಾರು.

ನಾವು ಬೇತಮಂಗಲದ ಕಡೆಯ ಹಳ್ಳಿಯವರು. ಅಪ್ಪ ಸತ್ತ ಮೇಲೆ ನನಗಿಂತ ಎಂಟು ವರ್ಷ ದೊಡ್ಡವನಾದ ಅಣ್ಣ ಕೋಲಾರ ಗೋಲ್ಡ್ ಫೀಲ್ಡಿಗೆ ಬಂದು ಗಣಿಗೆ ಇಳಿದ, ನನ್ನನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದ. ಅಲ್ಲಿನ ಕೋರಮಂಡಲ್‌ನಲ್ಲಿ ಗಣಿ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ ಒಂದೇ ಕೋಣೆಯ ಮನೆ. ಅಲ್ಲಿ ಅಣ್ಣ, ಅತ್ತಿಗೆ, ಅವರ ಪುಟ್ಟ ಮಗಳು, ನಾನು. ಅಣ್ಣ ಪಾಳಿ ಮುಗಿಸಿ ಮೇಲೆ ಬಂದವನು ಮನೆಗೆ ಬರುತ್ತಿರಲಿಲ್ಲ, ನೇರ ಗರಡಿಗೆ ಹೋಗಿ ಮಟ್ಟಿಗೆ ಇಳಿಯುತ್ತಿದ್ದ. ಮಟ್ಟಿ ಎಂದರೆ ಕುಸ್ತಿಯ ಕೆಂಪು ಮಣ್ಣು. ಎರಡು ಮೈಲಿ ಕೆಳಗೆ ಬಂಡೆ ಒಡೆದು ಬಂದವನು ಮೇಲೆ ಬಂದು ಮತ್ತೆ ಮಣ್ಣಿನಲ್ಲಿ ಹೊರಳಾಡುವುದೇನು ಎಂದು ಅತ್ತಿಗೆ ರೇಗುತ್ತಿದ್ದಳು. ಆದರೆ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ತರಕಾರಿಯವಳು "ಪೈಲ್ವಾನರ ಹೆಂಡತಿ" ಎಂದು ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕಿದರೆ ಮೂರು ದಿನ ಅದನ್ನೇ ಹೇಳುತ್ತಿದ್ದಳು. ಅಣ್ಣನನ್ನು ಆ ಕಡೆ ಯಾರೂ ಚಿತ್ ಮಾಡಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕದ ಕೊನೆಯಲ್ಲಿ, ಒಂದು ಸೀಮೆ ಕಂಪನಿಗೆ. ಹತ್ತಾರು ದೇಶಗಳಲ್ಲಿ ಕಾರ್ಖಾನೆಗಳಿದ್ದ ಕಂಪನಿ. ಮೊಳಕೆ ಕಟ್ಟಿದ ಬಾರ್ಲಿ, ಹಾಲು, ಸಕ್ಕರೆ ಸೇರಿಸಿ ಒಣಗಿಸಿದ ಪುಡಿಯನ್ನು ಡಬ್ಬಕ್ಕೆ ತುಂಬಿ ಶಕ್ತಿ ಎಂದು ಮಾರುತ್ತಿತ್ತು. ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ ಅದರ ಗೋಡೌನು. ಮದ್ರಾಸಿನಿಂದ ಗೂಡ್ಸಿನಲ್ಲಿ ಬಂದ ಡಬ್ಬಗಳನ್ನು ನಾನು ವ್ಯಾನಿಗೆ ಹೇರಿ ಗಣಿಯೂರಿಗೆ ತರಬೇಕು, ಮೈಕು ಹಿಡಿದು ಕೂಗಬೇಕು, ಬಿಸಿನೀರಿನಲ್ಲಿ ಕಲಸಿ ಸಣ್ಣ ಲೋಟದಲ್ಲಿ ಪುಕ್ಕಟೆ ಕುಡಿಸಬೇಕು. ಜನ ಕುಡಿಯುತ್ತಿದ್ದರು, ಚಪ್ಪರಿಸುತ್ತಿದ್ದರು, ಲೋಟ ಇಟ್ಟು ಹೋಗುತ್ತಿದ್ದರು. ಡಬ್ಬ ಮಾತ್ರ ಯಾರೂ ಕೊಳ್ಳುತ್ತಿರಲಿಲ್ಲ.

ನನ್ನ ಮೇಲಿನ ಮ್ಯಾನೇಜರು ಮದ್ರಾಸಿನವರು, ಇಸ್ತ್ರಿ ಕಳೆಯದ ಬಿಳಿ ಪ್ಯಾಂಟಿನ ಮನುಷ್ಯ. ಇದಕ್ಕೆ ಕಾರಣ ಹುಡುಕಲು ಅವರು ಒಂದು ವಾರ ಲೈನುಗಳಲ್ಲಿ ಓಡಾಡಿದರು. ಕೊನೆಗೆ ಕಂಡುಕೊಂಡದ್ದು ನನ್ನ ಅಣ್ಣನನ್ನು. ಮಕ್ಕಳಿಗೆ ಏನು ತಿನ್ನಿಸಿದರೆ ಗಟ್ಟಿಯಾಗುತ್ತಾರೆ ಎಂದು ಕೇಳಿದರೆ ಹೆಂಗಸರೆಲ್ಲ ಗರಡಿಯ ಕಡೆ ಕೈ ತೋರಿಸುತ್ತಿದ್ದರಂತೆ. ಆ ಪೈಲ್ವಾನರು ತಿನ್ನುವುದು ರಾಗಿಮುದ್ದೆ, ಹುರುಳಿ ಕಟ್ಟಿನ ಸಾರು. ನಾವೂ ಅದನ್ನೇ ತಿನ್ನುತ್ತೇವೆ, ನಿಮ್ಮ ಡಬ್ಬ ಯಾಕೆ ಎಂದರಂತೆ.

"ನಾವು ವಿಕ್ಕಿರದು, ಮಾರೋದು, ಪುಡಿ ಇಲ್ಲಪ್ಪ," ಎಂದರು ಮ್ಯಾನೇಜರು, ಗೋಡೌನಿನ ಮೂಟೆಯ ಮೇಲೆ ಕೂತು, ಅವರ ತಮಿಳು ಬೆರೆತ ಕನ್ನಡದಲ್ಲಿ. "ಮೊದಲು ಅವರ ಮುದ್ದೆ ಮೇಲೆ ಇರೋ ನಂಬಿಕೆ ಉಡೈಕ್ಕಬೇಕು, ಒಡೀಬೇಕು. ಆಮೇಲೆ ಡಬ್ಬ ತಾನಾಗೇ ಹೋಗತ್ತೆ."

ಯೋಜನೆ ಹೀಗಿತ್ತು. ಸೇಲಂ ಕಡೆಯಿಂದ ಒಬ್ಬ ಪೈಲ್ವಾನನನ್ನು ಕರೆಸುವುದು. ಒಂದು ತಿಂಗಳು ದಿನಾ ಸಂಜೆ ಅವನನ್ನು ವ್ಯಾನಿನ ಮೇಲೆ ಕೂರಿಸಿ ರಾಬರ್ಟ್‌ಸನ್‌ಪೇಟೆಯ ಬೀದಿಗಳಲ್ಲಿ ಕಂಪನಿಯ ಪುಡಿ ಕುಡಿಸುವುದು. ತಿಂಗಳ ಕೊನೆಗೆ ಬಯಲಿನಲ್ಲಿ ಕುಸ್ತಿ ಇಡುವುದು. ಡಬ್ಬದ ಪೈಲ್ವಾನ್ ಒಂದು ಕಡೆ, ಮುದ್ದೆಯ ಪೈಲ್ವಾನ್ ಒಂದು ಕಡೆ. ಮುದ್ದೆ ಚಿತ್ತಾಗಬೇಕು. ಅಣ್ಣನನ್ನು ಒಪ್ಪಿಸುವುದು ನನ್ನ ಕೆಲಸ. ಒಪ್ಪಿದರೆ ಬಂಗಾರಪೇಟೆ ಗೋಡೌನಿನಲ್ಲಿ ಅಣ್ಣನಿಗೆ ಖಾಯಂ ಕಾವಲುಗಾರನ ಕೆಲಸ.

ಆ ಕೊನೆಯ ಮಾತಿಗೆ ನಾನು ಬಿದ್ದುಹೋದೆ. ಗಣಿಯೂರಿನಲ್ಲಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಗೆ ಎಲ್ಲೋ ಬಂಡೆ ಸಿಡಿದರೆ ಮೇಲೆ ನಮ್ಮ ಕೋಣೆ ಅದುರುತ್ತಿತ್ತು, ಗೂಡಿನಲ್ಲಿದ್ದ ಲೋಟ ತಟ್ಟೆಗಳು ಉರುಳಿ ಬೀಳುತ್ತಿದ್ದವು. ಅಣ್ಣ ಪಾಳಿಯಲ್ಲಿದ್ದರೆ ಅತ್ತಿಗೆ ಒಲೆಯನ್ನು ಹಾಗೇ ಬಿಟ್ಟು ಶಾಫ್ಟಿನ ಗೇಟಿಗೆ ಓಡುತ್ತಿದ್ದಳು. ಓಡುವಾಗ ಅವಳ ಕೈಯಲ್ಲಿ ಹಿಟ್ಟಿನ ಕೋಲು ಇದ್ದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅಣ್ಣ ಕೇಜಿನಿಂದ, ಅಂದರೆ ಗಣಿಯ ಲಿಫ್ಟಿನಿಂದ, ಇಳಿದು ಬಂದರೆ ಅದೇ ಕೋಲಿನಿಂದ ಅವನ ಬೆನ್ನಿಗೆ ಬಾರಿಸುತ್ತಿದ್ದಳು, ಅಳುತ್ತ. "ಬಿಟ್ಬುಡು ಈ ಗಣೀನ. ಕೂಲಿ ಮಾಡ್ಕೊಂಡು ತಿನ್ನಾನ," ಎನ್ನುತ್ತಿದ್ದಳು. ಅಣ್ಣ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ, ಅವನು ಇಳಿಯುತ್ತಿದ್ದುದು ನನ್ನ ಓದಿನ ದೆಸೆಯಿಂದ.

ಹಾಗಾಗಿ ಗರಡಿಗೆ ಹೋಗಿ ಹೇಳಿದೆ. ಹೇಗೆ ಹೇಳಬೇಕೆಂದು ಕಂಪನಿಯವರು ಮದ್ರಾಸಿನಲ್ಲಿ ಕಲಿಸಿದ್ದರು: ಮೊದಲು ಲಾಭ, ಆಮೇಲೆ ಕೇಳಿಕೆ. ಗೋಡೌನಿನ ಮಾತು ಮುಗಿಸಿ, "ಒಂದೇ ಒಂದು ಕಿತ ಬಿದ್ಬುಡಣ್ಣ," ಎಂದೆ.

ಅಣ್ಣನ ಬಲಗೈ ಬಂದದ್ದು ಕಾಣಲಿಲ್ಲ. ಬಾಗಿಲ ಚೌಕಟ್ಟಿಗೆ ತಲೆ ಬಡಿದು ಕೂತೆ. ಕಿವಿಯೊಳಗೆ ಶಾಫ್ಟಿನ ಸೈರನ್ ಕೂಗಿದಂತಾಯಿತು, ಬೆರಳಿಟ್ಟು ನೋಡಿದರೆ ರಕ್ತ.

"ಏನ್ಲಾ ಅಂದೆ? ಇನ್ನೊಂದ್ಸಲ ಅನ್ನು," ಎಂದ ಅಣ್ಣ. ಸಾಮು ಮಾಡುತ್ತಿದ್ದವರು ಗದೆಗಳನ್ನು ಕೆಳಗಿಟ್ಟು ನೋಡುತ್ತಿದ್ದರು. ಗರಡಿಯ ಗುರುಗಳು, ಎಲ್ಲರೂ ವಸ್ತಾದರು ಎಂದು ಕರೆಯುತ್ತಿದ್ದ ಮುದುಕರು, ಏನಾಯಿತೆಂದು ಕೇಳಿದರು. ಅಣ್ಣ "ಮನೆ ವಿಸ್ಯ," ಎಂದುಬಿಟ್ಟ. ನಾನು ಕೇಳಿದ್ದನ್ನು ಅವನು ಯಾರಿಗೂ ಹೇಳಲಿಲ್ಲ, ಅತ್ತಿಗೆಗೂ ಹೇಳಲಿಲ್ಲ.

ಎಂಟು ದಿನಕ್ಕೆ ಬಂಡೆ ಸಿಡಿಯಿತು. ಈ ಸಲ ಅಣ್ಣನ ತಂಡವೇ ಅದರ ಕೆಳಗಿತ್ತು. ಅಣ್ಣ ಬದುಕಿ ಬಂದ. ಅವನ ಜೊತೆ ಏಳು ವರ್ಷ ಕೆಲಸ ಮಾಡಿದ್ದ ಜೋಡಿಗಾರ ಬರಲಿಲ್ಲ, ಅಂದರೆ ಪೂರ್ತಿ ಬರಲಿಲ್ಲ. ಗೇಟಿನ ಬಳಿ ನಾನೇ ನೋಡಿದೆ: ಚೀಲಕ್ಕೆ ಸುತ್ತಿ ತಂದಿದ್ದರು, ಚೀಲ ಮನುಷ್ಯನ ಉದ್ದ ಇರಲಿಲ್ಲ. ಅವನ ಹೆಂಡತಿ ನೆಲಕ್ಕೆ ಹಣೆ ಚಚ್ಚಿಕೊಂಡಳು. ಇಬ್ಬರು ಹಿಡಿದರೂ ಬಿಡದೆ ಚಚ್ಚಿಕೊಂಡಳು, ಹಣೆ ಬಿರಿಯಿತು. ಅಣ್ಣನ ಬನಿಯನ್ನು ಎದೆಯಿಂದ ಹೊಕ್ಕುಳವರೆಗೆ ಕಪ್ಪಾಗಿತ್ತು, ಅದು ಅವನ ರಕ್ತವಲ್ಲ. ಆವತ್ತು ಅತ್ತಿಗೆ ಕೋಲೆತ್ತಲಿಲ್ಲ. ಅವನ ಕಾಲು ಹಿಡಿದುಕೊಂಡು ಕೂತುಬಿಟ್ಟಳು.

ಭಾನುವಾರ ಬೆಳಿಗ್ಗೆ ನಾನು ಮುಖ ತೊಳೆಯುತ್ತಿದ್ದಾಗ ಅಣ್ಣ ಬಂದು ಪಕ್ಕದಲ್ಲಿ ನಿಂತ. "ಆಯ್ತು ಕಣ್ಲಾ. ಬೀಳ್ತೀನಿ," ಎಂದ. "ನಿಮ್ಮತ್ಗೆ ಕಿವಿಗೆ ಬಿತ್ತೋ, ನಿನ್ ಇನ್ನೊಂದ್ ಕಿವೀನೂ ಓಯ್ತದೆ."

ಮ್ಯಾನೇಜರಿಗೆ ಹೇಳಿದೆ. ಸೇಲಂ ಪೈಲ್ವಾನನಿಗೂ ವಿಷಯ ತಿಳಿಸಿಬಿಡೋಣ, ಎಸೆಯುವಾಗ ಕೈ ಸಡಿಲ ಮಾಡುತ್ತಾನೆ ಎಂದೆ. ಅವರು ಬೇಡ ಎಂದರು. ಅವನಿಗೆ ಗೊತ್ತಾದರೆ ನಾಟಕ ಆಡುತ್ತಾನೆ, ಕುಸ್ತಿ ಬಲ್ಲ ಜನ ಕಂಡುಹಿಡಿಯುತ್ತಾರೆ, ಎಸೆತ ನಿಜವಾಗಿರಬೇಕು ಎಂದರು. ನನಗೆ ಅದು ಬುದ್ಧಿವಂತಿಕೆಯಾಗಿ ಕಂಡಿತು. ತಲೆಯಾಡಿಸಿದೆ. ಅವರು ಕೂತದ್ದು ನನ್ನ ಬಲಗಡೆ, ಎಲ್ಲ ಚೆನ್ನಾಗಿಯೇ ಕೇಳಿಸಿತ್ತು.

ಪಕ್ಷಪಾತವಿಲ್ಲ ಎಂದು ತೋರಿಸಲು ಕಂಪನಿ ಅಣ್ಣನ ಗರಡಿಗೂ ಎರಡು ಪೆಟ್ಟಿಗೆ ಡಬ್ಬ ಕಳಿಸಿತು. ಪೈಲ್ವಾನರು ಕುಡಿಯಲಿ ಎಂದು ನಾನೇ ಕೊಟ್ಟು ಬಂದೆ. ಅವರು ಕುಡಿಯಲಿಲ್ಲ. ಗರಡಿಯಲ್ಲಿ ಯಾರೇ ಏನೇ ಕಾಣಿಕೆ ತರಲಿ, ಹಾಲಿರಲಿ, ತುಪ್ಪವಿರಲಿ, ಮೊದಲು ಮಟ್ಟಿಗೆ. ಹಾಲು, ಮಜ್ಜಿಗೆ, ಅರಿಶಿನ, ನಿಂಬೆಹಣ್ಣಿನ ರಸ ಕುಡಿಸಿ ಕುಡಿಸಿ ಆ ಮಣ್ಣನ್ನು ಸಾಕುತ್ತಾರೆ. ಕುಸ್ತಿ ಬೇರೆ ಕಡೆ ನಡೆದರೆ ಆ ಮಣ್ಣನ್ನೇ ಗಾಡಿಯಲ್ಲಿ ಹೊತ್ತು ಹೋಗುತ್ತಾರೆ. ವಸ್ತಾದರು ಡಬ್ಬದ ಮೇಲಿನ ಹಸುವಿನ ಚಿತ್ರ ನೋಡಿದರು, ಇದೂ ಹಾಲೇ ಅಂದುಕೊಂಡರು. ಎರಡು ಪೆಟ್ಟಿಗೆಯಲ್ಲಿದ್ದ ಅಷ್ಟೂ ಡಬ್ಬಗಳನ್ನು ಒಡೆಸಿ, ಕುಸ್ತಿಗೆಂದು ಬಯಲಿಗೆ ತಂದು ಹಾಸಿದ್ದ ಮಣ್ಣಿಗೆ ಸುರಿಸಿದರು. ಸೀಮೆಯ ಹಾಲು ಕುಡಿದ ಮಟ್ಟಿ ಈ ಸೀಮೆಯಲ್ಲೇ ಇಲ್ಲ ಎಂದು ಸಂತೋಷಪಟ್ಟರು.

ಮಾರನೆಯ ದಿನವೇ ಇರುವೆ ಮುತ್ತಿದವು. ಇರುವೆ ಓಡಿಸಲು ನೀರು ಹೊಯ್ದರು, ಹೊಯ್ದ ನೀರಿನಲ್ಲಿ ಪುಡಿ ಕಲಸಿಕೊಂಡಿತು, ಕಲಸಿದ್ದನ್ನು ಹುಡುಗರೆಲ್ಲ ಸೇರಿ ತುಳಿದರು. ಆಮೇಲೆ ಮೂರು ದಿನ ಬೇಸಿಗೆಯ ಬಿಸಿಲು. ನಾನು ವ್ಯಾನಿನಲ್ಲಿ ಅದೇ ದಾರಿಯಲ್ಲಿ ಓಡಾಡುತ್ತಿದ್ದೆ, ಇರುವೆಯ ಸಾಲನ್ನೂ ನೋಡಿದೆ, ಮಣ್ಣಿನ ಅಂಚು ಪಾಕದ ಹಾಗೆ ಹೊಳೆಯುವುದನ್ನೂ ನೋಡಿದೆ. ಬಂಗಾರಪೇಟೆಗೆ ಹೋಗಿ ಮ್ಯಾನೇಜರಿಗೆ ತಮಾಷೆಯಾಗಿ ಹೇಳಿದೆ. ಅವರು ನಗಲಿಲ್ಲ, ಜೇಬಿನ ಪುಸ್ತಕ ತೆಗೆದು ಬರೆದುಕೊಂಡರು. ಮಣ್ಣೇ ಕುಡಿಯುವ ಪಾನೀಯ ಎಂದು ಮೈಕಿನಲ್ಲಿ ಕೂಗು ಎಂದರು. ನಾನು ಕೂಗಿದೆ ಕೂಡ. ಆ ಪಾಕ ಒಣಗಿದರೆ ಏನಾಗುತ್ತದೆ ಎಂದು ಯೋಚಿಸಲಿಲ್ಲ. ಹಳ್ಳಿಯಲ್ಲಿ ಆಲೆಮನೆಯ ಪಕ್ಕ ಬೆಳೆದವನು ನಾನು, ಪಾಕ ಆರಿದರೆ ಕಲ್ಲಾಗುವುದು ಗೊತ್ತಿರಬೇಕಿತ್ತು.

ಕುಸ್ತಿಯ ದಿನ ಬಯಲು ತುಂಬಿತ್ತು. ಪಾಳಿ ಬಿಟ್ಟು ಬಂದವರು ಗಣಿಯ ಬೂಟಿನಲ್ಲೇ ನಿಂತಿದ್ದರು. ಹೆಂಗಸರ ಕಡೆ ಅತ್ತಿಗೆ ಮುಂದಿನ ಸಾಲಿನಲ್ಲಿ, ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡು. ಹುಡುಗರು ಬೆಳಿಗ್ಗೆ ಸನಿಕೆಯಿಂದ ಮಟ್ಟಿ ಅಗೆದಿದ್ದರು, ಆದರೆ ಎರಡು ಬೆರಳು ಆಳ ಮಾತ್ರ. ಅದರ ಕೆಳಗೆ ಸನಿಕೆ ಇಳಿಯದೆ ಕೈ ನೋವಾಗಿ ಬಿಟ್ಟರಂತೆ, ವಸ್ತಾದರಿಗೆ ಹೇಳಲು ಹೆದರಿ ಮೇಲಿನ ಪುಡಿಮಣ್ಣನ್ನು ಎಳೆದು ಸಮ ಮಾಡಿದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಅಣ್ಣ ಮಟ್ಟಿಗೆ ನಮಸ್ಕಾರ ಮಾಡಿ ತೊಡೆ ತಟ್ಟಿದ. ಬೀಳಲಿಕ್ಕೆ ಬಂದವನ ಹಾಗೆ ಅವನು ಆಡಲಿಲ್ಲ. ಮೊದಲ ಹಿಡಿತಕ್ಕೇ ಸೇಲಂನವನ ಕುತ್ತಿಗೆಗೆ ಮೊಣಕೈ ಹಾಕಿ ಬಗ್ಗಿಸಿದ, ಮೂಗು ಮಣ್ಣಿಗೆ ಉಜ್ಜಿದ, ಅವನ ಬಾಯಿಯಿಂದ ರಕ್ತ ಸುರಿಯಿತು. ಸೇಲಂನವನು ತಿರುಗಿ ಅಣ್ಣನ ಪಕ್ಕೆಗೆ ತಲೆಯಿಂದ ಗುದ್ದಿದ. ಇಬ್ಬರ ಮೈಯೂ ಕೆಂಪು ಮಣ್ಣಿನಿಂದ ಮೆತ್ತಿಹೋಗಿ ಯಾವುದು ಯಾರ ರಕ್ತ ಎಂದು ತಿಳಿಯುತ್ತಿರಲಿಲ್ಲ. ಎರಡು ಸಲ ಅಣ್ಣ ಅವನನ್ನು ಎತ್ತಿದ, ಎರಡು ಸಲವೂ ಬಿಟ್ಟ. ಜನ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬೈಯುತ್ತಿದ್ದರು. ಮ್ಯಾನೇಜರು ಗಡಿಯಾರ ನೋಡಿಕೊಂಡು ನನ್ನ ಕಡೆ ನೋಡಿದರು. ನಾನು ಅಣ್ಣನ ಕಡೆ ನೋಡಿದೆ. ಅಣ್ಣ ನನ್ನನ್ನು ನೋಡಿದ, ಆಮೇಲೆ ಅತ್ತಿಗೆಯನ್ನು ನೋಡಿದ, ಮೈ ಸಡಿಲ ಬಿಟ್ಟ.

ಸೇಲಂನವನಿಗೆ ಅದು ಗೊತ್ತಿರಲಿಲ್ಲ. ಎದುರಿಗೆ ಬಂಡೆಯಂಥ ತಡೆ ಇದೆಯೆಂದುಕೊಂಡೇ ಪೂರ್ತಿ ಬಲ ಹಾಕಿ ತೋಳು ಹಿಡಿದು ಹೆಗಲ ಮೇಲಿಂದ ಬೀಸಿದ. ತಡೆ ಇರಲಿಲ್ಲ. ಅಣ್ಣ ಗಾಳಿಯಲ್ಲಿ ತಿರುಗಿ ಬಲ ಹೆಗಲ ಮೇಲೆ ಬಿದ್ದ. ಮಟ್ಟಿಗೆ ಬಿದ್ದ ಮೈ ಧೊಪ್ಪೆನ್ನಬೇಕು. ಇದು ಕಲ್ಲಿಗೆ ತೆಂಗಿನಕಾಯಿ ಒಡೆದ ಸದ್ದು. ಹೆಗಲ ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು, ಬಿಳಿಯಾಗಿ, ತುದಿಗೆ ಮಣ್ಣು ಮೆತ್ತಿಕೊಂಡು. ಗೆದ್ದರೆ ಎದುರಾಳಿಯ ಎದೆಯ ಮೇಲೆ ಕಾಲಿಟ್ಟು ನಿಲ್ಲುವಂತೆ ಸೇಲಂನವನಿಗೆ ಮೊದಲೇ ಹೇಳಿಕೊಟ್ಟಿದ್ದರು. ಅವನು ಕಾಲಿಟ್ಟ, ಫೋಟೋದವನು ಫೋಟೋ ತೆಗೆದ. ಕಾಲು ತೆಗೆದ ಮೇಲೆಯೇ ಅವನು ಆ ಮೂಳೆ ನೋಡಿದ್ದು. ಅಲ್ಲೇ ಕೂತು ಅತ್ತುಬಿಟ್ಟ, ಪಾಪ.

ಆಸ್ಪತ್ರೆಯಲ್ಲಿ ಕೈಲಾದದ್ದನ್ನೆಲ್ಲ ಮಾಡಿದರು. ಎರಡು ತಿಂಗಳ ಮೇಲೆ ಕಟ್ಟು ಬಿಚ್ಚಿದಾಗ ಅಣ್ಣನ ಬಲಗೈ ಎದೆಯ ಮಟ್ಟಕ್ಕೆ ಏರುತ್ತಿತ್ತು, ಅದಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ಕೈ ಎತ್ತಲಾಗದವನಿಗೆ ಭೂಮಿಯ ಕೆಳಗೆ ಕೆಲಸವಿಲ್ಲ. ನಾನು ಗೋಡೌನಿನ ಕೆಲಸ ಕೇಳಲು ಹೋದೆ. ಮ್ಯಾನೇಜರು ಬಿಡುವು ಮಾಡಿಕೊಂಡೇ ವಿವರಿಸಿದರು: ಕಾವಲಿಗೆ ಎರಡು ಕೈ ಬೇಕು. ಅದೂ ಅಲ್ಲದೆ ನಮ್ಮ ಪುಡಿಗೆ ಸೋತವನನ್ನು ನಮ್ಮ ಬಾಗಿಲಲ್ಲೇ ನಿಲ್ಲಿಸಿದರೆ ಜನ ಲೆಕ್ಕ ಹಾಕುತ್ತಾರೆ, ಇದು ಒಳಒಪ್ಪಂದ ಅನ್ನುತ್ತಾರೆ. ನೀನೂ ಯೋಚಿಸು ಎಂದರು. ಸಿಟ್ಟು ಮೂಗಿನ ತುದಿಯಲ್ಲೇ ಇರುವ ನಾನು ಆವತ್ತು ಏನೂ ಮಾಡಲಿಲ್ಲ. ಮನೆಗೆ ಬರುತ್ತಿದ್ದುದು ಈಗ ನನ್ನ ಒಬ್ಬನ ಸಂಬಳ. ಗೋಂದಿನ ಬಕೆಟ್ಟು ಹಿಡಿದು ಬಂದೆ, ಗೋಡೆ ಗೋಡೆಗೆ ಆ ಫೋಟೋ ಅಂಟಿಸಿದೆ. ಬಂಗಾರಪೇಟೆ ಸ್ಟೇಷನ್ನಿನ ಎದುರು, ರಾಬರ್ಟ್‌ಸನ್‌ಪೇಟೆಯಲ್ಲಿ, ನಮ್ಮ ಲೈನಿನ ನಲ್ಲಿಯ ಹಿಂದೆ. ಅಣ್ಣನ ಮುಖದ ಮೇಲೆ ನನ್ನ ಅಂಗೈಯಿಂದಲೇ ಒರೆಸಿ ಗಾಳಿಗುಳ್ಳೆ ತೆಗೆಯುತ್ತಿದ್ದೆ. ಡಬ್ಬಗಳು ಬಂದ ದಿನವೇ ಖಾಲಿಯಾಗುತ್ತಿದ್ದವು.

ಒಂದು ಮಧ್ಯಾಹ್ನ ವ್ಯಾನಿನ ಮುಂದೆ ಡಬ್ಬಕ್ಕೆ ನಿಂತವರ ಸಾಲಿನಲ್ಲಿ ಅತ್ತಿಗೆ ಇದ್ದಳು. ಮನೆಯಲ್ಲಿ ಕೇಳಿದರೆ ನಾನು ಬೇಡವೆನ್ನುತ್ತೇನೆಂದು ಗೊತ್ತಿದ್ದು ಇಲ್ಲಿಗೆ ಬಂದಿದ್ದಳು. "ಒಂದ್ ಡಬ್ಬ ಕೊಡು," ಎಂದಳು.

"ನಿಂಗ್ಯಾಕತ್ಗೆ ಇದು?" ಎಂದೆ ಮೆಲ್ಲಗೆ.

"ನಿಮ್ಮಣ್ಣಂಗೆ. ಬರೀ ಮುದ್ದೆ ಇಕ್ಕಿ ಇಕ್ಕಿ ನಾನೇ ಬೀಳಿಸ್ದೆ ಅವರನ್ನ. ಅವತ್ತು ಕಣ್ಣಾರೆ ನೋಡಿದ್ನಲ್ಲ. ಇದ್ನ ಕುಡುದ್ರೆ ಕೈ ಏಳ್ತದೇನೋ."

ಹಿಂದಿನ ಹೆಂಗಸರು ಬೇಗ ಬೇಗ ಎನ್ನುತ್ತಿದ್ದರು. ನಾನು ಡಬ್ಬ ಕೊಟ್ಟೆ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಸಂಜೆ ಮನೆಯಲ್ಲಿ ಅವಳು ಕಲಸಿ ಕೊಟ್ಟಳು. ಅಣ್ಣ ಎಡಗೈಯಲ್ಲಿ ಲೋಟ ಹಿಡಿದು, ನನ್ನನ್ನೇ ನೋಡುತ್ತ, ತಳದವರೆಗೂ ಕುಡಿದ. "ಚೆಂದಾಗೈತೆ," ಎಂದು ಲೋಟ ಅವಳಿಗೆ ಕೊಟ್ಟ. ಹೀಗೆ ಹನ್ನೊಂದು ದಿನ ನಡೆಯಿತು. ಪ್ರತಿದಿನವೂ ಕುಡಿದ ಮೇಲೆ ಅತ್ತಿಗೆ ಅವನ ಬಲಗೈ ಹಿಡಿದು ಮೇಲೆತ್ತಿ ನೋಡುತ್ತಿದ್ದಳು. ಅವನು ಹಲ್ಲು ಕಚ್ಚಿ, ನಿನ್ನೆಗಿಂತ ಮೇಲು ಎನ್ನುತ್ತಿದ್ದ.

ಹನ್ನೆರಡನೆಯ ದಿನ ಬಂಗಾರಪೇಟೆಯಲ್ಲಿ ಮ್ಯಾನೇಜರು ನನ್ನನ್ನು ನಗುನಗುತ್ತ ಬರಮಾಡಿಕೊಂಡರು. ಡ್ರೈವರು ಯಾರಿಂದಲೋ ಕೇಳಿ ಹೇಳಿಬಿಟ್ಟಿದ್ದ. ಸೋತವನ ಹೆಂಡತಿಯೇ ನಮ್ಮ ಡಬ್ಬ ಕೊಳ್ಳುತ್ತಿದ್ದಾಳೆ! ಇದಕ್ಕಿಂತ ಇನ್ನೇನು ಬೇಕು ಎಂದರು. ನಾಳೆಯೇ ಫೋಟೋದವನನ್ನು ಕರೆದುಕೊಂಡು ಬರುತ್ತೇನೆ, ನಿನ್ನ ಅಣ್ಣ ಲೋಟ ಹಿಡಿದಿರಬೇಕು, ಕಟ್ಟು ಬಿಚ್ಚಿದ್ದರೆ ಮತ್ತೆ ಕಟ್ಟಿಸು, ಚೆನ್ನಾಗಿ ಕಾಣುತ್ತದೆ ಎಂದರು.

ನನ್ನ ಕೈಯಲ್ಲಿ ಗೋಂದು ಕದಡುವ ಕೋಲು ಇತ್ತು. ಮೊದಲ ಏಟು ಅವರ ಬಾಯಿಗೆ ಬಿತ್ತು, ಹಲ್ಲು ಉದುರಿತು. ಎರಡನೆಯದಕ್ಕೆ ಕೋಲು ಮುರಿಯಿತು, ಆಮೇಲೆ ಡಬ್ಬ ಎತ್ತಿಕೊಂಡೆ. ಆ ಬಿಳಿ ಪ್ಯಾಂಟಿನ ಮೇಲೆ ಕೂತು ಡಬ್ಬದ ಅಂಚಿನಿಂದ ಜಜ್ಜಿದೆ, ಅವರು ತಮಿಳಿನಲ್ಲಿ ಅಮ್ಮನನ್ನು ಕರೆಯುತ್ತಿದ್ದರು. ಹಮಾಲರು ನಾಲ್ಕು ಜನ ಸೇರಿ ನನ್ನನ್ನು ಎಳೆದು ಹಾಕಿ ಒದ್ದರು. ಒಂದು ಕಣ್ಣು ಮುಚ್ಚಿಹೋಯಿತು. ಪೊಲೀಸಿಗೆ ಕೊಟ್ಟರೆ ಕುಸ್ತಿಯ ಕಥೆ ಹೊರಗೆ ಬರುತ್ತದೆಂದು ಕಂಪನಿ ಕೊಡಲಿಲ್ಲ. ಆ ಮನುಷ್ಯನಿಗೆ ಹೊಡೆದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ, ಆದರೆ ಅವರೊಬ್ಬರನ್ನೇ ಹೊಡೆದದ್ದು ಅನ್ಯಾಯ. ಆ ಡಬ್ಬದ ಅಂಚಿನ ಕೆಳಗೆ ನನ್ನ ಮುಖವೂ ಇರಬೇಕಿತ್ತು.

ಹಗಲು ಗಾಡಿಗೆ ಮನೆಗೆ ಬಂದೆ. ಅತ್ತಿಗೆ ನನ್ನ ಅಂಗಿಯ ರಕ್ತ ನೋಡಿ ನೀರು ತಂದಳು, ಯಾರು ಹೊಡೆದರು ಎಂದಳು. ಮೂಲೆಯಲ್ಲಿ ಕೂತಿದ್ದ ಅಣ್ಣ ಬೇಡ ಎಂದು ತಲೆಯಾಡಿಸಿದ. ನನಗೆ ತಡೆಯಲಾಗಲಿಲ್ಲ, ನನ್ನ ಎದೆಯ ಭಾರ ಇಳಿದರೆ ಸಾಕಾಗಿತ್ತು. ಎಲ್ಲ ಹೇಳಿಬಿಟ್ಟೆ. ಮುದ್ದೆ ಸೋಲಲಿಲ್ಲ ಅತ್ತಿಗೆ, ಅಣ್ಣ ಬೇಕೆಂದೇ ಬಿದ್ದ, ಬೀಳಿಸಿದವನು ನಾನು ಎಂದೆ.

ಅತ್ತಿಗೆ ಎದ್ದಳು. ಡಬ್ಬ ತೆಗೆದು, ಉಳಿದಿದ್ದ ಪುಡಿಯನ್ನು ಒಲೆಗೆ ಸುರಿದಳು, ಕೋಣೆಯೆಲ್ಲ ಸಕ್ಕರೆ ಸುಟ್ಟ ವಾಸನೆ. ಆಮೇಲೆ ಅಣ್ಣನ ಕಡೆ ತಿರುಗಿದಳು. "ಗಣಿ ಬಿಡು ಅಂತ ಬೇಡ್ಕೊಂಡಿದ್ದೆ. ಬೀಳು ಅಂತ ನಾನ್ಯಾವತ್ತು ಅಂದೆ?" ಎಂದಳು. ಮಗಳನ್ನೆತ್ತಿಕೊಂಡು ಹೊರಗೆ ಹೋಗಿ ಜಗಲಿಯಲ್ಲಿ ಕೂತಳು, ನಮ್ಮ ಕಡೆ ಬೆನ್ನು ಹಾಕಿ.

ಅಣ್ಣ ಎದ್ದು ನನ್ನ ಮುಂದೆ ಬಂದು ನಿಂತ. "ನಿಯತ್ತಾಗಿ ಆಡಿ ಸೋತೋನು ಅಂತ ಇದ್ದೆ ಅವಳ ತಾವ. ಅಷ್ಟಾದ್ರೂ ಇತ್ತು," ಎಂದ. "ಅದ್ನೂ ಕಿತ್ಕೊಂಡ್ಯಲ್ಲೋ."

ಅವನ ಬಲಗೈ ಮೇಲೆದ್ದಿತು. ಎದೆಯ ಮಟ್ಟಕ್ಕೆ ಬಂದು ನಿಂತಿತು, ಅಲ್ಲಿಂದ ಮೇಲೆ ಏರಲಿಲ್ಲ. ಅವನ ಹಣೆಯ ನರ ಉಬ್ಬಿತ್ತು. ನಾನು ಮೊಣಕಾಲೂರಿ, ಆ ಕೈಗೆ ಎಟುಕುವ ಹಾಗೆ ಮುಖ ಕೊಟ್ಟೆ. ಅಣ್ಣ ಹೊಡೆದ. ಏನೂ ನೋವಾಗಲಿಲ್ಲ.